ಸಹಿ ಹಾಕಲಾರದವನು

ಜುಲೈ 8

ಅಕ್ಕನಿಗೆ,

ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಕಾನ್ವೆಂಟಿನ ಫೋನು ಇರುವುದು ಮದರ್ ಕೋಣೆಯಲ್ಲಿ. ನೀನು ಬರೀ "ಹೂಂ, ಹೂಂ" ಅನ್ನುತ್ತೀಯ, ಪಕ್ಕದಲ್ಲಿ ಮೂವರು ಸಿಸ್ಟರ್‌ಗಳು ಜಪಸರ ಹಿಡಿದು ಕಿವಿಯನ್ನು ಇತ್ತ ಇಟ್ಟಿರುತ್ತಾರೆ. ಅದಕ್ಕೇ ಈ ಕಾಗದ. ಎರಡು ವರ್ಷ ಬರೆಯದವನು ಈಗ ಯಾಕೆ ಬರೆದ ಎಂದು ಮೂಗು ಮುರಿಯಬೇಡ.

ನಾವು ನೋಡಿಕೊಳ್ಳುವ ಲಿಫ್ಟುಗಳಲ್ಲಿ ಒಂದು ಬಹಳ ಹಳೆಯದು, ಏಳು ಮಹಡಿಯ ಆಫೀಸು ಕಟ್ಟಡದ್ದು. ಹೋದ ತಿಂಗಳು ಇಪ್ಪತ್ತಾರರ ಬೆಳಿಗ್ಗೆ, ಅಲ್ಲಿ ನೆಲ ಒರೆಸುವ ಹೆಂಗಸು ಬಕೆಟ್ಟು ಹಿಡಿದು ನಾಲ್ಕನೇ ಮಹಡಿಯಲ್ಲಿ ಲಿಫ್ಟಿನಿಂದ ಹೊರಗೆ ಒಂದು ಕಾಲಿಟ್ಟಿದ್ದಾಳೆ. ಬಾಗಿಲು ತೆರೆದಿರುವಾಗಲೇ ಲಿಫ್ಟು ಮೇಲಕ್ಕೆ ಹೊರಟುಬಿಟ್ಟಿದೆ. ಒಳಗಿದ್ದ ಇನ್ನೊಂದು ಕಾಲು ಸಿಕ್ಕಿಕೊಂಡಿತು. ಜೀವ ಉಳಿದಿದೆ. ಮೊಣಕಾಲಿನಿಂದ ಕೆಳಗೆ ತೆಗೆದರು.

ಬಾಗಿಲು ಮುಚ್ಚದೆ ಲಿಫ್ಟು ಅಲ್ಲಾಡಬಾರದು, ಅದಕ್ಕೊಂದು ಬೀಗವಿರುತ್ತದೆ. ರಿಪೇರಿಯ ಹೊತ್ತಿನಲ್ಲಿ ಮಾತ್ರ ನಾವು ಮೇಲಿನ ಯಂತ್ರದ ಕೋಣೆಯಲ್ಲಿ ಗೇಣುದ್ದದ ತಂತಿಯೊಂದನ್ನು ಸಿಕ್ಕಿಸಿ ಆ ಬೀಗದ ಕಣ್ಣು ಕಟ್ಟುತ್ತೇವೆ. ಕೆಲಸ ಮುಗಿದ ಮೇಲೆ ತೆಗೆಯಬೇಕು. ತೆಗೆದಿರಲಿಲ್ಲ. ನಮ್ಮಲ್ಲಿ ಒಬ್ಬೊಬ್ಬನೂ ತನ್ನ ತಂತಿಗೆ ತನ್ನದೇ ಬಣ್ಣದ ನೂಲು ಸುತ್ತಿಕೊಳ್ಳುವ ರೂಢಿಯಿದೆ. ಯಾರ ತಂತಿ ಎಲ್ಲಿ ಉಳಿಯಿತು ಎಂದು ಅದರಿಂದ ತಿಳಿಯುತ್ತದೆ. ಸುತ್ತದವನು ಮೀಸೆ ಒಬ್ಬನೇ. ಮೀಸೆ ಎಂದರೆ ಹದಿನಾಲ್ಕು ವರ್ಷದಿಂದ ನನ್ನ ಜೊತೆಗಾರ, ಅರವತ್ತರ ಹತ್ತಿರ ಬಂದವನು. "ನನ್ನ ತಂತಿ ನನಗೆ ಗೊತ್ತಾಗಲ್ವಾ? ಅದೇನು ಕುರಿಮರೀನಾ, ದಾರ ಕಟ್ಟೋಕೆ?" ಅನ್ನುತ್ತಾನೆ. ಆ ದಿನ ಸಿಕ್ಕಿದ ತಂತಿಗೆ ನೂಲಿರಲಿಲ್ಲ. ಆಮೇಲೆ ಯಾರೂ ಯಾರನ್ನೂ ಕೇಳಲಿಲ್ಲ. ಮೀಸೆಯನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಸೆಪ್ಟೆಂಬರ್ ನಾಲ್ಕಕ್ಕೆ ವಿಚಾರಣೆ. ತಪ್ಪು ಅವನದೇ ಎಂದಾದರೆ ಕೆಲಸವೂ ಹೋಗುತ್ತದೆ, ಪೊಲೀಸರಿಗೂ ಒಪ್ಪಿಸುತ್ತಾರೆ.

ಆ ಕಟ್ಟಡದಲ್ಲಿ ಏನೋ ಇದೆ ಅಕ್ಕ. ಇಷ್ಟು ವರ್ಷ ಲಿಫ್ಟಿನ ಗುಂಡಿಯೊಳಗೆ ಇಳಿದು ಕೆಲಸ ಮಾಡಿದವನು ನಾನು, ಹೆದರುಪುಕ್ಕಲ ಅಲ್ಲ. ನಿಮ್ಮ ಫಾದರ್ ಹತ್ತಿರ ಒಂದು ಮಾತು ಕೇಳಿ ಬರೆ: ಸೈತಾನನ ಕೈ ಎಲ್ಲಿಯವರೆಗೆ ಚಾಚುತ್ತದೆ? ಮನುಷ್ಯನಿಗೆ ಬೇಡವಾಗಿದ್ದರೂ ಅವನ ಕೈಯನ್ನು ಸೈತಾನ ಆಡಿಸಬಲ್ಲನೇ?

ನಿದ್ದೆಯೇನೋ ಬರುತ್ತದೆ. ಎದ್ದರೆ ದಣಿವು ಇದ್ದಲ್ಲೇ ಇರುತ್ತದೆ.

ಮೊಳೆ


ಜುಲೈ 21

ಪ್ರೀತಿಯ ಮೊಳೆ,

ಐವತ್ತು ದಾಟಿದ ಮೇಲೂ ಹಾಗೇ ಸಹಿ ಹಾಕಿದ್ದೀಯ. ದಪ್ಪ ತಲೆ, ಸಣ್ಣ ಮೈ. ಆ ಹೆಸರಿಟ್ಟವಳು ನಾನೇ ಆದ್ದರಿಂದ ನಗುವ ಹಕ್ಕು ನನಗಿದೆ.

ಉತ್ತರ ತಡವಾಯಿತು. ಪೂಜೆಯ ರೊಟ್ಟಿ ಸುಡುವ ಕೆಲಸ ಈಗ ನನ್ನೊಬ್ಬಳ ಪಾಲಿಗೆ ಬಂದಿದೆ. ಜೊತೆಯಲ್ಲಿದ್ದ ಸಿಸ್ಟರಿಗೆ ಸೊಂಟ ಹಿಡಿದಿದೆ. ಬರೀ ಹಿಟ್ಟು, ನೀರು, ಕಾದ ಕಬ್ಬಿಣದ ಹಲಗೆ. ಕೇಳಲು ಸುಲಭ. ಆದರೆ ಹಾಳೆಯಂಥ ರೊಟ್ಟಿಯನ್ನು ತೇವದ ಕೋಣೆಯಲ್ಲಿ ಸರಿಯಾಗಿ ಮೆತ್ತಗಾಗಿಸದಿದ್ದರೆ ಕತ್ತರಿಸುವಾಗ ಪುಡಿಯಾಗುತ್ತದೆ. ಸುತ್ತಲಿನ ಇಪ್ಪತ್ತೆರಡು ಚರ್ಚುಗಳಿಗೆ ಇಲ್ಲಿಂದಲೇ ಹೋಗಬೇಕು. ಸಂಜೆಗೆ ಮಂಡಿಯೂರಿದರೆ ಏಳಲು ಬೆಂಚು ಹಿಡಿಯಬೇಕು. ಪ್ರಾರ್ಥನೆಯಲ್ಲಿ ತೂಕಡಿಸುತ್ತೇನೆ; ದೇವರಿಗೆ ಗೊತ್ತಿದೆ, ಮದರ್‌ಗೆ ಇನ್ನೂ ಗೊತ್ತಿಲ್ಲ.

ಫಾದರ್ ಹತ್ತಿರ ಕೇಳಿದೆ. ಅವರು ಗುರುಗಳಾಗುವ ಮೊದಲು ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಈಗ ಎಂಬತ್ತೊಂದು, ಎಡಗಿವಿ ಕೇಳುವುದಿಲ್ಲ. ಬಲಗಿವಿಗೆ ಕೂಗಿ ಹೇಳಿದೆ. ತೋಟದಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಸೈತಾನನಿಗೆ ಸಲಹೆ ಕೊಡೋ ಕೆಲಸ ಮಾತ್ರ ಸಿಸ್ಟರ್," ಎಂದರು. "ಸಹಿ ಹಾಕೋ ಅಧಿಕಾರ ಇಲ್ಲ. ಯಾವ ಫೈಲಿಗೂ ಇಲ್ಲ. ಅವನೇನು ದೇವರಿಗೆ ಸರಿಸಮ ಇನ್ನೊಬ್ಬ ದೊರೆ ಅಂದ್ಕೊಂಡ್ರಾ? ಅವನೂ ಸೃಷ್ಟಿ ಆದವನೇ. ಅಪ್ಪಣೆ ಇಲ್ದೆ ಒಂದು ಹೆಜ್ಜೆ ಇಡಲಾರ. ನಮ್ಮ ಮನಸ್ಸಿನಲ್ಲಿ ಏನಿದೆ ಅಂತಾನೂ ಅವನಿಗೆ ಕಾಣಲ್ಲ, ಮುಖ ನೋಡಿ ಊಹೆ ಮಾಡ್ತಾನೆ."

ಇಷ್ಟು ಸಾಕಲ್ಲ? ನನಗನಿಸುವುದು ಬೇರೆ. ನೀನು ಹೆದರಿದ್ದೀಯ, ದಣಿದಿದ್ದೀಯ. ಆ ಹೆಂಗಸನ್ನು ಲಿಫ್ಟಿನಿಂದ ಬಿಡಿಸಿದವರಲ್ಲಿ ನೀನೂ ಇದ್ದಿರಬೇಕು, ಅದನ್ನು ಬರೆದಿಲ್ಲ. ಕಂಡದ್ದು ಕಣ್ಣಿನಿಂದ ಹೋಗಲು ಸಮಯ ಬೇಕು. ಒಂದು ವಾರ ರಜೆ ಹಾಕು. ಮೀಸೆಯವರ ಮನೆಗೆ ಹೋಗಿ ಮಾತಾಡಿಸಿ ಬಾ. ಕೆಲಸವಿಲ್ಲದೆ ಮನೆಯಲ್ಲಿ ಕೂತ ಗಂಡಸನ್ನು ಯಾರೂ ಮಾತಾಡಿಸುವುದಿಲ್ಲ.

ಒಂದು ಸಣ್ಣ ಸೀಸೆಯಲ್ಲಿ ತೀರ್ಥ ಕಳಿಸಿದ್ದೇನೆ. ಜೊತೆಗೆ ಹೊಲಿಗೆ ಕೋಣೆಯಿಂದ ಒಂದು ಉಂಡೆ ಹಳದಿ ನೂಲು. ನಿನ್ನ ಬಣ್ಣ ಹಳದಿಯೇ ಇರಬೇಕು ಎಂದುಕೊಂಡೆ. ಚಿಕ್ಕಂದಿನಲ್ಲಿ ಬೇರೆ ಬಣ್ಣದ ಅಂಗಿ ಹಾಕಿದರೆ ಬೀದಿಗೇ ಕೇಳುವ ಹಾಗೆ ಅಳುತ್ತಿದ್ದೆ. ನಿನ್ನ ತಂತಿಗಳಿಗೆ ಚೆನ್ನಾಗಿ ಸುತ್ತಿಕೋ.

ಅಕ್ಕ


ಜುಲೈ 27

ಅಕ್ಕ,

ನೂಲು ಯಾಕೆ ಕಳಿಸಿದೆ? ಯಾರು ಬರೆದರು ನಿನಗೆ? ಮೀಸೆಯೇ? ಗೊತ್ತಿದ್ದರೆ ಗೊತ್ತು ಎಂದು ಹೇಳು, ತೀರ್ಥದ ಜೊತೆ ಪೊಟ್ಟಣ ಕಟ್ಟಿ ಕಳಿಸಿ ಆಟ ಆಡಿಸಬೇಡ.

ಮೂರು ದಿನ ಈ ಉಂಡೆಯನ್ನು ಮೇಜಿನ ಮೇಲಿಟ್ಟುಕೊಂಡು ನೋಡಿದೆ. ಇನ್ನು ಆಗುವುದಿಲ್ಲ. ಹೌದು, ಹಳದಿ. ತಂತಿ ನನ್ನದು.

ಹಿಂದಿನ ದಿನ ಅಲ್ಲಿ ಮೀಸೆಯೂ ನಾನೂ ಇದ್ದೆವು. ಸಂಜೆ ಬಾಗಿಲಿನ ಕೆಲಸ ಮುಗಿಸಿದ ನಾನು ಮೇಲೆ ಹತ್ತಿ ತಂತಿ ತೆಗೆಯಬೇಕಿತ್ತು. ಮೊಣಕಾಲು ನೋಯುತ್ತಿತ್ತು. ಬೆಳಿಗ್ಗೆ ಬೇಗ ಬಂದು ತೆಗೆದರಾಯಿತು ಎಂದುಕೊಂಡೆ. ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅವಳ ಕೂಗು ಕೇಳುತ್ತಿತ್ತು. ಎಲ್ಲರೂ ನಾಲ್ಕನೇ ಮಹಡಿಗೆ ಓಡಿದರು. ನಾನು ಯಂತ್ರದ ಕೋಣೆಗೆ ಓಡಿದೆ. ಅವಳನ್ನು ಬಿಡಿಸಿದವರಲ್ಲಿ ನಾನಿರಲಿಲ್ಲ ಅಕ್ಕ.

ಕರೆಂಟು ಆಗಲೇ ತೆಗೆದಿದ್ದರು. ತಂತಿ ಅಲ್ಲೇ ಇತ್ತು. ನನ್ನ ಕೈ ಚೀಲದಿಂದ ಕತ್ತರಿ ತೆಗೆಯಿತು. ನೂಲನ್ನು ಕತ್ತರಿಸಿತು, ಬಿಚ್ಚಿತು, ಜೇಬಿಗೆ ಹಾಕಿಕೊಂಡಿತು. ತಂತಿಯನ್ನು ಇದ್ದಲ್ಲೇ ಬಿಟ್ಟಿತು. ನಾನು ನೋಡುತ್ತ ನಿಂತಿದ್ದೆ. ಆಣೆ ಮಾಡಿ ಹೇಳುತ್ತೇನೆ, ಆ ಕೈ ನನ್ನದಾಗಿರಲಿಲ್ಲ. ಮೀಸೆಯನ್ನು ಸಿಕ್ಕಿಸಬೇಕೆಂದು ನನಗೆ ಕನಸಿನಲ್ಲೂ ಇರಲಿಲ್ಲ. ಈಗಲೂ ಇಲ್ಲ.

ನಿಮ್ಮ ಫಾದರ್ ಸಲಹೆ, ಸಹಿ ಎಂದು ಗುಮಾಸ್ತರ ಲೆಕ್ಕದಲ್ಲಿ ಹೇಳಿದ್ದಾರೆ. ಹೊಕ್ಕುಬಿಟ್ಟರೆ? ಒಳಗೇ ಬಂದು ಕೂತರೆ? ಅದನ್ನು ನನಗೆ ಕಲಿಸಿದವಳು ನೀನೇ. ಅಪ್ಪ ಬಟ್ಟೆ ಅಳೆಯುವ ಗಜಕೋಲು ತೆಗೆದುಕೊಂಡಾಗ ನೀನು ನನ್ನನ್ನು ಮಂಚದ ಕೆಳಗೆ ಎಳೆದುಕೊಂಡು ಹೇಳುತ್ತಿದ್ದೆ: "ಅದು ಅಪ್ಪ ಅಲ್ಲ ಕಣೋ. ಸೈತಾನ ಒಳಗೆ ಹೊಕ್ಕಿದಾನೆ. ಅಪ್ಪ ಆ ಕಡೆ ನಿಂತ್ಕೊಂಡು ಅಳ್ತಿದಾನೆ." ನಾನು ಮೂಲೆಮೂಲೆಯಲ್ಲಿ ಅಪ್ಪನನ್ನು ಹುಡುಕುತ್ತಿದ್ದೆ. ಎಲ್ಲ ಮುಗಿದ ಮೇಲೆ ಲೋಟದಲ್ಲಿ ನೀರು ತೆಗೆದುಕೊಂಡು ಹೋಗಿ "ಅಪ್ಪ, ಬಂದ್ಯಾ?" ಎಂದು ಕೇಳುತ್ತಿದ್ದೆ. ಅಪ್ಪನಿಗೆ ಆದದ್ದು ನನಗೆ ಆಗಬಾರದೇ?

ಪಾಪನಿವೇದನೆಗೆ ಹೋಗಿದ್ದೆ. "ಒಂದು ಸುಳ್ಳು ಹೇಳಿದೆ ಫಾದರ್" ಎಂದೆ. "ಒಂದೇನಾ?" ಎಂದರು, ಹಿಂದೆ ಸಾಲು ಉದ್ದವಿತ್ತು. ಮೂರು ಪ್ರಾರ್ಥನೆ ಹೇಳಿಕೊಳ್ಳಲು ಹೇಳಿ ಕಳಿಸಿದರು. ಹೇಳಿಕೊಂಡೆ. ಏನೂ ಇಳಿಯಲಿಲ್ಲ.

ಹೆಂಡತಿಗೂ ತಿಳಿಸಿಲ್ಲ. ನಿನಗೊಬ್ಬಳಿಗೆ. ಅದು ಅವನೇ, ನೀನಲ್ಲ ಎಂದು ಒಂದು ಸಾಲು ಬರೆ. ಸಾಕು.

ಮೊಳೆ


ಆಗಸ್ಟ್ 19

ಮೊಳೆ,

ಮೂರು ವಾರವಾಯಿತು. ನೀನು ದಿನಾ ಅಂಚೆಯ ದಾರಿ ನೋಡಿರುತ್ತೀಯ. ಐದು ಸಲ ಬರೆದು ಹರಿದೆ. ನನಗೆ ಯಾರೂ ಏನೂ ಬರೆದಿರಲಿಲ್ಲ. ನೂಲು ಬರೀ ನೂಲಾಗಿತ್ತು. ನನ್ನ ತಮ್ಮನಿಗೆ ಹಳದಿ ಇಷ್ಟ ಎಂದು ಕಳಿಸಿದೆ, ಅಷ್ಟೇ. ನಿನ್ನ ಮೊದಲ ಕಾಗದವನ್ನೇ ಸರಿಯಾಗಿ ಓದದ ದಡ್ಡಿ ನಾನು.

ನೀನು ಕೇಳಿದ ಆ ಒಂದು ಸಾಲನ್ನು ನಾನು ಬರೆಯುವುದಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಕೊಟ್ಟಿದ್ದೆ. ಅದು ಸುಳ್ಳಾಗಿತ್ತು.

ಆಗ ನನಗೆ ಹನ್ನೊಂದು, ನಿನಗೆ ಐದು. ಅಮ್ಮ ಇರಲಿಲ್ಲ. ಅಪ್ಪನನ್ನು ಬಿಟ್ಟರೆ ನಮಗೆ ಬೇರೆ ಯಾರೂ ಇರಲಿಲ್ಲ, ಅವನನ್ನು ಕಂಡರೆ ನಿನಗೆ ಹೇಸಿಗೆಯಾಗಬಾರದು ಎಂದು ಹಾಗೆ ಹೇಳಿದೆ. ಅಪ್ಪ ಯಾವ ಮೂಲೆಯಲ್ಲೂ ನಿಂತು ಅಳುತ್ತಿರಲಿಲ್ಲ. ಹೊಡೆಯುತ್ತಿದ್ದವನು ಅಪ್ಪನೇ.

ಇನ್ನೂ ಒಂದಿದೆ, ಇದನ್ನು ಬರೆಯಲಾರದೆಯೇ ಮೂರು ವಾರ ಹೋಯಿತು. ಹತ್ತೊಂಬತ್ತು ವರ್ಷದ ಹಿಂದೆ, ಸಾಯುವ ಹಿಂದಿನ ವರ್ಷ, ಅಪ್ಪ ಇಲ್ಲಿಗೆ ಬಂದಿದ್ದ. ಕುಡಿತ ಬಿಟ್ಟು ಬಹಳ ಕಾಲವಾಗಿತ್ತು. ಭೇಟಿಯ ಕೋಣೆಯಲ್ಲಿ ಕುರ್ಚಿಯ ಅಂಚಿಗೆ ಕೂತ.

"ನೀನು ಅವನಿಗೆ ಹೇಳ್ತಿದ್ದದ್ದು ನನಗೂ ಕೇಳಿಸ್ತಿತ್ತು ಮಗಳೇ," ಎಂದ. "ಅದು ಅಪ್ಪ ಅಲ್ಲ ಅಂತಿದ್ದೆ. ನನಗೆ ಅದು ಒಳ್ಳೇ ಅನುಕೂಲ ಆಯ್ತು. ಮಾರನೇ ದಿನ ತಲೆ ಎತ್ಕೊಂಡು ಓಡಾಡ್ತಿದ್ದೆ. ಆದ್ರೆ ನಾನೇ ಹೊಡೆದದ್ದು. ಕುಡೀದೆ ಇದ್ದಾಗ್ಲೂ ಹೊಡೆದಿದೀನಿ. ಒಂದೊಂದು ಸಲ ನೀನು ಕೋಲು ಬಚ್ಚಿಡ್ತಿದ್ದೆ, ನಾನು ಹುಡುಕಿ ತಂದು ಹೊಡೀತಿದ್ದೆ. ಹುಡುಕೋಷ್ಟು ಹೊತ್ತು ಇತ್ತಲ್ಲ ನನಗೆ. ಅಷ್ಟು ಹೊತ್ತಲ್ಲಿ ನಿಲ್ಲಿಸಬಹುದಿತ್ತು. ಅವನಿಗೆ ಹೇಳು, ತಪ್ಪಾಯ್ತು ಅಂತ."

"ನೀನೇ ಹೇಳಪ್ಪ" ಎಂದೆ. "ಆಗಲ್ಲ," ಎಂದ. "ನನ್ನ ನೋಡಿದ್ರೆ ಅವನು ಖುಷಿಯಿಂದ ನಗ್ತಾನೆ. ಬಾಯಿ ಕಟ್ಟಿಹೋಗುತ್ತೆ."

ನಾನು ಹೇಳಲಿಲ್ಲ. ನಿನ್ನ ಮನಸ್ಸಿನಲ್ಲಿದ್ದ ಒಳ್ಳೆಯ ಅಪ್ಪನನ್ನು ಕಟ್ಟಿದವಳು ನಾನು, ಕೆಡವಲು ಕೈ ಬರಲಿಲ್ಲ. ನಿನಗೆ ನೋವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಸುಳ್ಳುಗಾತಿ ಎಂದು ನಿನ್ನ ಕಣ್ಣಿಗೆ ಬೀಳುವುದು ನನಗೆ ಬೇಡವಾಗಿತ್ತು. ಅದನ್ನೂ ಯಾವ ಸೈತಾನನೂ ನನ್ನಿಂದ ಮಾಡಿಸಲಿಲ್ಲ.

ಹೊಕ್ಕುವ ಮಾತನ್ನೂ ಫಾದರ್‌ಗೆ ಕೇಳಿದೆ, ನಿನ್ನ ಹೆಸರು ಹೇಳದೆ. ಅಂಥದ್ದು ಉಂಟು, ಬಹಳ ಅಪರೂಪ ಎಂದರು. "ಮೈಯನ್ನ ಅಲುಗಾಡಿಸಬಹುದು, ಬೀಳಿಸಬಹುದು, ಕೂಗಿಸಬಹುದು. ಮನಸ್ಸಿನ ಒಪ್ಪಿಗೆ ಇದೆಯಲ್ಲ, ಅದನ್ನ ಮುಟ್ಟೋಕಾಗಲ್ಲ. ಅಲ್ಲಿಗೆ ಅವನ ಗಡಿ ಮುಗೀತು." ಕತ್ತರಿ ತೆಗೆದು, ನೂಲು ಬಿಚ್ಚಿ, ಜೇಬಿನಲ್ಲಿಟ್ಟುಕೊಂಡು, ತಂತಿಯನ್ನು ಬೇಕೆಂದೇ ಬಿಟ್ಟುಬರುವ ಕೆಲಸದಲ್ಲಿ ಎಷ್ಟು ಒಪ್ಪಿಗೆಗಳಿವೆ ಎಂದು ನೀನೇ ಎಣಿಸಿಕೋ. ಆ ಕೈ ನಿನ್ನದು. ಬಿಗಿಯಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಮೆತ್ತಗೆ ಬರೆದದ್ದನ್ನೆಲ್ಲ ಹರಿದುಹಾಕಿದೆ.

ಫಾದರ್ ಇನ್ನೊಂದು ಮಾತು ಹೇಳಿದರು. ಸೈತಾನನಿಂದಾಗದ ಕೆಲಸ ಒಂದಿದೆಯಂತೆ, ನಮ್ಮಿಂದ ಆಗುವುದು. ತಪ್ಪಾಯಿತು ಎಂದು ಅನ್ನಲು ಅವನಿಗೆ ಬರುವುದಿಲ್ಲ, ಎಂದಿಗೂ. ನಾನು ಮೊದಲು ಹೇಳುತ್ತೇನೆ: ತಪ್ಪಾಯಿತು ಮೊಳೆ. ನನ್ನನ್ನು ಕ್ಷಮಿಸು.

ಸೆಪ್ಟೆಂಬರ್ ನಾಲ್ಕಕ್ಕೆ ಇನ್ನು ಹದಿನಾರು ದಿನ.

ಅಕ್ಕ


ಆಗಸ್ಟ್ 23

ಸಿಸ್ಟರ್ ಅವರಿಗೆ,

ಅಪ್ಪನ ಶವಪೆಟ್ಟಿಗೆಯ ಮುಂದೆ ನಿಂತು ನಾನು ಅತ್ತಾಗ ನೀನು ನನ್ನ ಹೆಗಲ ಮೇಲೆ ಕೈಯಿಟ್ಟಿದ್ದೆ. ಆಗಲೂ ನಿನಗೆ ಗೊತ್ತಿತ್ತು. ನಾನು ಯಾರಿಗಾಗಿ ಅತ್ತೆ?

ಇಷ್ಟು ವರ್ಷ ನಾನು ನಂಬಿದ್ದನ್ನು ಒಂದು ಕಾಗದದಲ್ಲಿ ಕಿತ್ತುಕೊಂಡು, ಕೊನೆಯಲ್ಲಿ ದಿನ ಎಣಿಸಿ ಬರೆದಿದ್ದೀಯ. ಇನ್ನು ಬರೆಯಬೇಡ.


ಆಗಸ್ಟ್ 30

ಮೊಳೆ,

ಬರೆಯಬೇಡ ಎಂದಿದ್ದೀಯ, ಬರೆಯುತ್ತಿದ್ದೇನೆ. ಬೈಗುಳದ ಕಾಗದಕ್ಕೂ ಸಹಿ ಹಾಕುವವನು ನೀನು, ಈ ಸಲ ಹಾಕಿಲ್ಲ. ಆ ಖಾಲಿ ಜಾಗ ನೋಡಿಯೇ ನನಗೆ ಭಯವಾಯಿತು.

ಮಂಗಳವಾರ ನಿಮ್ಮ ಕಂಪನಿಗೆ ಒಂದು ಕಾಗದ ಬರೆದೆ. ಎಲ್ಲವನ್ನೂ ಬರೆದೆ, ವಿಳಾಸ ಬರೆದೆ, ಅಂಚೆಚೀಟಿ ಹಚ್ಚಿದೆ. ಒಬ್ಬ ಮುದುಕ ಮಾಡದ ತಪ್ಪಿಗೆ ಜೈಲಿಗೆ ಹೋಗುವುದನ್ನು ನೋಡಿಕೊಂಡು ನಾನು ಪೂಜೆಯ ರೊಟ್ಟಿ ಹೇಗೆ ಸುಡಲಿ? ಬಾಗಿಲವರೆಗೆ ಹೋಗಿ ವಾಪಸು ಬಂದೆ. ನಾನು ಹೇಳಿಬಿಟ್ಟರೆ ಮೀಸೆಯವರು ಉಳಿಯುತ್ತಾರೆ, ನೀನು ಸಿಕ್ಕಿಬೀಳುತ್ತೀಯ. ಸಿಕ್ಕಿಬಿದ್ದವನಿಗೂ ತಾನಾಗಿ ಬಂದವನಿಗೂ ಅಜಗಜಾಂತರ. ಮತ್ತೊಮ್ಮೆ ನಿನ್ನ ಪರವಾಗಿ ನಾನೇ ಮಾತಾಡಿದಂತಾಗುತ್ತದೆ, ಮಂಚದ ಕೆಳಗೆ ಮಾಡಿದ ಹಾಗೆ.

ನಾಲ್ಕನೇ ತಾರೀಖು ಸಂಜೆಯವರೆಗೆ ಕಾಯುತ್ತೇನೆ. ಆಮೇಲೆ ಕಳಿಸುತ್ತೇನೆ. ಇದನ್ನು ನಿನ್ನಿಂದ ಮುಚ್ಚಿಡಬಾರದೆಂದು ಬರೆದೆ, ಇನ್ನು ನಿನ್ನಿಂದ ಯಾವುದನ್ನೂ ಮುಚ್ಚಿಡುವುದಿಲ್ಲ.

ತುಂಬ ದಣಿದಿದ್ದೇನೆ ಕಣೋ. ನಿನ್ನ ಮೇಲಿನ ಪ್ರೀತಿ ಮಾತ್ರ ದಣಿದಿಲ್ಲ.

ಅಕ್ಕ


ಸೆಪ್ಟೆಂಬರ್ 9

ಅಕ್ಕ,

ಆ ಕಾಗದ ಕಳಿಸಿದ್ದರೆ ಅಂಚೆಚೀಟಿ ದಂಡ. ನಾಲ್ಕನೇ ತಾರೀಖು ನಾನೇ ಹೇಳಿದೆ.

ಹಿಂದಿನ ದಿನ ಹೆಂಡತಿಗೆ ಹೇಳಿದೆ. ಅವಳು ನನ್ನ ಅಂಗಿಗೆ ಇಸ್ತ್ರಿ ಹಾಕಿದಳು, ಅದೇ ಅಂಗಿಗೆ ಎರಡು ಸಲ. ವಿಚಾರಣೆಯ ಕೋಣೆಯಲ್ಲಿ ಮೇಜಿನಾಚೆ ಮೂವರಿದ್ದರು. ನನ್ನನ್ನು ಸಾಕ್ಷಿಯಾಗಿ ಕರೆದಿದ್ದರು, ಮೀಸೆಯ ತಂತಿಗೆ ನೂಲಿರುವುದಿಲ್ಲ ಎಂದು ಹೇಳಲಿಕ್ಕೆ. "ತಂತಿ ನನ್ನದು ಸರ್, ನೂಲು ಕತ್ತರಿಸಿದವನು ನಾನು" ಎಂದೆ. ಮ್ಯಾನೇಜರು ಒಳ್ಳೆಯವರು. ಪೆನ್ನು ಕೆಳಗಿಟ್ಟು, "ಅವತ್ತು ನಿಮಗೆ ಮೈ ಸರಿ ಇರ್ಲಿಲ್ವಾ? ಗಾಬರೀಲಿ ಏನು ಮಾಡ್ತಿದೀನಿ ಅಂತ ಗೊತ್ತಾಗ್ಲಿಲ್ಲ ಅಂತ ಬರ್ಕೊಳ್ಳೋಣ" ಎಂದರು. ಎಷ್ಟು ಸುಲಭವಾಗಿತ್ತು ಅಕ್ಕ, ಹೂಂ ಅಂದಿದ್ದರೆ ಆಗುತ್ತಿತ್ತು. "ಗೊತ್ತಿತ್ತು ಸರ್" ಎಂದೆ. ಬರೆದುಕೊಂಡರು. ಈಗ ಕೆಲಸವಿಲ್ಲ. ಪೊಲೀಸರಿಗೂ ಹೇಳಿಕೆ ಕೊಟ್ಟಿದ್ದೇನೆ. ಮುಂದಿನದು ಅವರು ಕರೆದಾಗ.

ಮೀಸೆ ಹೊರಗೆ ಬೆಂಚಿನ ಮೇಲಿದ್ದ. ಅಪ್ಪಿಕೊಳ್ಳುತ್ತಾನೆಂದು ನೀನು ಅಂದುಕೊಂಡಿದ್ದರೆ, ಇಲ್ಲ. "ಎರಡು ತಿಂಗಳು ಕಣೋ," ಎಂದ. "ನಾನೇ ಮರೆತಿರ್ಬೇಕು ಅಂತ ನಾನೇ ನಂಬಿಬಿಟ್ಟಿದ್ದೆ. ವಯಸ್ಸಾಯ್ತು, ತಲೆ ಕೆಟ್ಟಿದೆ ಅಂದ್ಕೊಂಡೆ. ಆ ಹೆಂಗಸಿನ ಕಾಲು ನಾನೇ ತೆಗೆದೆ ಅಂತ ಎರಡು ತಿಂಗಳು ಅನ್ನ ಇಳೀಲಿಲ್ಲ." ಎದ್ದು ಹೋದ. ಅವನ ಕೆಲಸವನ್ನು ಮಾತ್ರ ಕಿತ್ತುಕೊಂಡಿದ್ದೆ ಎಂದುಕೊಂಡಿದ್ದೆ.

ಅಪ್ಪನ ವಿಷಯ. ಮೊದಲು ನಿನ್ನ ಮೇಲೆ ಬಂದ ಸಿಟ್ಟು ಇನ್ನೂ ಹೋಗಿಲ್ಲ. ಆದರೆ ಒಂದು ತಿಳಿಯಿತು. ಇಷ್ಟು ವರ್ಷ ನಾನು ಅಪ್ಪನನ್ನು ಕ್ಷಮಿಸಿಯೇ ಇರಲಿಲ್ಲ. ಕ್ಷಮಿಸಲು ಅವನೇನೂ ಮಾಡಿರಲಿಲ್ಲವಲ್ಲ, ಮಾಡಿದವನು ಬೇರೆ. ಕುರ್ಚಿಯ ಅಂಚಿಗೆ ಕೂತು ನಾನೇ ಹೊಡೆದದ್ದು ಎಂದ ಮುದುಕನನ್ನು ಮಾತ್ರ ನಾನು ಕ್ಷಮಿಸಬಲ್ಲೆ. ಇನ್ನೂ ಪೂರ್ತಿ ಆಗಿಲ್ಲ. ಶುರು ಮಾಡಿದ್ದೇನೆ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಆ ಹೆಂಗಸು ಇನ್ನೂ ವಾರ್ಡಿನಲ್ಲೇ ಇದ್ದಾಳೆ, ಗಾಯ ಬೇಗ ಮಾಯಲಿಲ್ಲ. ನನ್ನ ವಯಸ್ಸೇ ಇರಬೇಕು. ಕಿಟಕಿಯ ಪಕ್ಕದ ಮಂಚ. ಹೊದಿಕೆಯ ಒಂದು ಕಡೆ ಮೊಣಕಾಲಿನಿಂದಾಚೆ ಚಪ್ಪಟೆಯಾಗಿತ್ತು. ನಿಂತುಕೊಂಡೇ ಹೇಳಿದೆ: ತಂತಿ ಬಿಟ್ಟವನು ನಾನು, ಮುಚ್ಚಿಟ್ಟವನೂ ನಾನೇ.

"ಅವತ್ತು ನಿಮಗೇನಾಗಿತ್ತು?" ಎಂದು ಕೇಳಿದಳು.

"ಏನೂ ಆಗಿರ್ಲಿಲ್ಲಮ್ಮ," ಎಂದೆ. "ಮೆಟ್ಟಿಲು ಹತ್ತೋಕೆ ಬೇಜಾರಾಯ್ತು. ಆಮೇಲೆ ಹೆದರಿಕೆ ಆಯ್ತು. ಅಷ್ಟೇ."

ಅವಳು ಗೋಡೆ ಹಿಡಿದು ದಿಂಬಿಗೆ ಒರಗಿ ಕೂತಳು. "ಎಲ್ರೂ ಬಂದು ನಿನ್ನ ಗ್ರಹಚಾರ ಅಂದ್ರು," ಎಂದಳು. "ಮೆಷಿನ್ನು ಹಳೇದು ಅಂದ್ರು. ದೇವರು ಪರೀಕ್ಷೆ ಮಾಡ್ತಿದಾನೆ ಅಂದ್ರು. ಯಾರ ಮೇಲೆ ಸಿಟ್ಟು ಮಾಡ್ಬೇಕು ಅಂತ್ಲೇ ಗೊತ್ತಾಗ್ತಿರ್ಲಿಲ್ಲ ನನಗೆ. ಕೂತ್ಕೊಳ್ಳಿ."

ಕೂತೆ. ಆಮೇಲೆ ಶುರು ಮಾಡಿದಳು. ಅಕ್ಕ, ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಹಾಗೆ ಬೈದಿಲ್ಲ. ನನ್ನ ಮೊಣಕಾಲು, ನನ್ನ ಕತ್ತರಿ, ನನ್ನನ್ನು ಹೆತ್ತವರು, ಒಂದನ್ನೂ ಬಿಡಲಿಲ್ಲ. ಪಕ್ಕದ ಮಂಚದವರು ಊಟ ನಿಲ್ಲಿಸಿ ಕೇಳಿದರು. ನರ್ಸು ಎರಡು ಸಲ ಬಂದು ನೋಡಿ, ತಡೆಯದೆ ಹೋದಳು. ನಾನು ತಲೆ ತಗ್ಗಿಸಲಿಲ್ಲ. ಅವಳ ಮುಖವನ್ನೇ ನೋಡುತ್ತ ಕೂತಿದ್ದೆ. ನಡುವೆ ಅತ್ತಳು, ಕಣ್ಣೊರೆಸಿಕೊಂಡು ಮತ್ತೆ ಬೈದಳು. ಭೇಟಿಯ ಸಮಯ ಮುಗಿಯಿತೆಂದು ಗಂಟೆ ಬಾರಿಸಿದಾಗ ಎದ್ದು ನಿಂತೆ.

"ಇನ್ನೂ ಮುಗಿದಿಲ್ಲ," ಎಂದಳು. "ನಾಳೆ ಬನ್ನಿ."

ಇವತ್ತು ಹೋಗುತ್ತಿದ್ದೇನೆ. ಭಾನುವಾರ ನಿನ್ನಲ್ಲಿಗೆ ಬರುತ್ತೇನೆ, ನಾನೂ ನಿನ್ನನ್ನು ಬೈಯುವುದಿದೆ. ಮದರ್‌ಗೆ ಹೇಳಿ ಭೇಟಿಯ ಕೋಣೆಯನ್ನು ಮಧ್ಯಾಹ್ನವೆಲ್ಲ ಇಟ್ಟುಕೊಂಡಿರು.

ಮೊಳೆ